ಹನ್ನೊಂದು ಸಲ ತಪ್ಪಿದ ದಾರಿ

ಗಂಡನ ಅಂತ್ಯಸಂಸ್ಕಾರ ಮುಗಿದ ಮೂರನೆಯ ಬೆಳಗ್ಗೆ, ಅವನ ಪಿಕಪ್‌ನ ಕೀ ತಿರುಗಿಸಿದ ಕೂಡಲೇ ಇಬ್ಬರು ಹೆಂಗಸರು ಒಬ್ಬರ ಹಿಂದೊಬ್ಬರು ಮಾತಾಡಿದರು.

"ಮನೆಗೆ ಹೋಗಬೇಕೆ?" ಎಂದು ಒಬ್ಬಳು ಕೇಳಿದಳು. ಅರೆಗಳಿಗೆ ಬಿಟ್ಟು ಇನ್ನೊಬ್ಬಳೂ ಅದನ್ನೇ ಕೇಳಿದಳು.

ಮಾರೆನ್ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ನೆನಪಾಯಿತು... ಇವು ಗಂಡ ರಾಯ್ಸ್‌ನ ಯಂತ್ರಗಳು. ಡ್ಯಾಶ್‌ಬೋರ್ಡಿನ ನಡುವೆ ಹೆಣ್ಣು ದನಿಯಲ್ಲಿ ದಾರಿ ಹೇಳುವ, ಅಗಲ ಪರದೆಯ ಹೊಸ ನ್ಯಾವಿಗೇಶನ್. ಅದರ ಕೆಳಗೆ, ಮೊದಲು ಸಿಗರೇಟಿನ ಬೂದಿ ತಟ್ಟೆ ಇದ್ದ ಜಾಗದಲ್ಲಿ, ಮೂಲೆ ಸವೆದ ಹಳೆಯದೊಂದು. ಎರಡನ್ನೂ ಒಂದೇ ಗಾಡಿಗೆ ಹಾಕಿ, ಯಾವುದು ಒಳ್ಳೆಯದೆಂದು ತೂಗಿ ನೋಡುತ್ತಿದ್ದ.

ಆಗಸ್ಟಿನ ಒಂದು ಭಾನುವಾರ ಇಡೀ ಮಧ್ಯಾಹ್ನ ಅವಳೇ ಟಾರ್ಚ್ ಹಿಡಿದು ನಿಂತಿದ್ದಳು. ರಾಯ್ಸ್ ಪ್ಲಾಸ್ಟಿಕ್ ಪಟ್ಟಿಯಿಂದ ಡ್ಯಾಶ್‌ಬೋರ್ಡಿನ ಮುಖ ಎಬ್ಬಿಸಿ, ಒಳಗಿನ ಬಣ್ಣಬಣ್ಣದ ವೈರುಗಳನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಜೋಡಿಸಿದ್ದ. ಟಾರ್ಚ್ ಸ್ವಲ್ಪ ಅಲುಗಿದರೂ, ಬೆಳಕು ಇತ್ತ ಕಡೆ ಪ್ರೊಫೆಸರಮ್ಮ, ಎಂದು ರೇಗಿಸುತ್ತಿದ್ದ. ಅವಳು ಬೇಕೆಂದೇ ಬೆಳಕನ್ನು ಅವನ ಮೂಗಿನ ಮೇಲೆ ಬಿಡುತ್ತಿದ್ದಳು.

ಈಗ ಅದೆಲ್ಲ ಯಾರಿಗೋ ಆದದ್ದರ ಹಾಗೆ ಕಾಣುತ್ತಿತ್ತು.

ಅಳು ಇನ್ನೂ ಬಂದಿರಲಿಲ್ಲ. ಚರ್ಚಿನಲ್ಲಿ ಬರಲಿಲ್ಲ, ಮಣ್ಣು ಹಾಕುವಾಗ ಬರಲಿಲ್ಲ. ನೆರೆಹೊರೆಯವರು ಅಡುಗೆ ತಂದಿಟ್ಟು ಹೋದ ಗಾಜಿನ ತಟ್ಟೆಗಳನ್ನು ಬೆಳಗ್ಗೆ ಒಂದೊಂದಾಗಿ ತೊಳೆದು ಒರೆಸಿದ್ದಳು. ತಳದಲ್ಲಿ ಅಂಟಿಸಿದ ಕಾಗದದ ಟೇಪಿನ ಮೇಲೆ ಅವರವರ ಹೆಸರು. ಅವನ್ನೆಲ್ಲ ಅವರವರ ಮನೆಗೆ ಮುಟ್ಟಿಸುವುದು ಈ ದಿನದ ಕೆಲಸ. ಬೇರೆ ಕೆಲಸ ಇರಲಿಲ್ಲ.

ಹಳೆಯ ಯಂತ್ರದ ಮೇಲೂ ಅಂಥದೇ ಒಂದು ಟೇಪು. ರಾಯ್ಸ್‌ನ ವಕ್ರ ಅಕ್ಷರ: "ಆರ್ವಲ್‌ದು. ಎರಡು ವಾರ."

ಆರ್ವಲ್ ಎಂದರೆ ಪಟ್ಟಣದಲ್ಲಿ ಗಾಡಿಗಳಿಗೆ ರೇಡಿಯೋ ಹಾಕಿಕೊಡುವ ಮುದುಕ. ತನ್ನ ಸ್ವಂತ ಗಾಡಿಯಿಂದಲೇ ಬಿಚ್ಚಿ ಇದನ್ನು ಎರವಲು ಕೊಟ್ಟಿದ್ದ. ಎರಡು ವಾರ ಹೋಗಿ ಎರಡು ತಿಂಗಳಾಗಿತ್ತು.

ಸರಿ, ತಟ್ಟೆಗಳ ಜೊತೆ ಇದನ್ನೂ ಕೊಟ್ಟುಬಿಡೋಣ ಎಂದುಕೊಂಡಳು. ಆಗ ಕಣ್ಣು ಪರದೆಯ ಮೇಲೆ ನಿಂತಿತು.

ಮನೆ: ನಲವತ್ತೊಂದು ಮೈಲಿ.

ಪಿಕಪ್ ನಿಂತಿದ್ದದ್ದು ಅವಳ ಮನೆಯ ಅಂಗಳದಲ್ಲೇ. ಅಡುಗೆಮನೆಯ ಕಿಟಕಿ ಇಲ್ಲಿಂದ ಹತ್ತು ಹೆಜ್ಜೆ.

ಕೆಳಗಿನ ಪರದೆ ನೋಡಿದಳು. ಅಲ್ಲೂ ನಲವತ್ತೊಂದೇ... ಎರಡು ಯಂತ್ರಗಳೂ ತಪ್ಪುವುದುಂಟೆ? ಉತ್ತರದ ಮರಳುಗುಡ್ಡಗಳ ನಡುವೆ, ಊರಿಲ್ಲದ, ಹೆಸರಿಲ್ಲದ ಬೋಳು ಜಾಗದಲ್ಲಿ ಒಂದು ಪುಟ್ಟ ಬಾವುಟ ಮಿನುಗುತ್ತಿತ್ತು. ಹೋಗಿಬಂದ ದಾರಿಗಳ ಪಟ್ಟಿ ತೆರೆದಳು. ಅದೇ ಜಾಗಕ್ಕೆ ಹನ್ನೊಂದು ಸಲ ಹೋಗಿದ್ದಾನೆ. ಹೆಚ್ಚಾಗಿ ಗುರುವಾರ. ಗುರುವಾರ ಅವಳಿಗೆ ಕಾಲೇಜಿನಲ್ಲಿ ಸಂಜೆಯ ತನಕ ಪಾಠ.

ಸೀಟಿನ ಪಕ್ಕದಲ್ಲಿ ಅವನ ಪುಟ್ಟ ನೋಟ್‌ಬುಕ್ ಇತ್ತು. ಹಳೆಯದು: ಸರಿ, ಸರಿ, ಸರಿ. ಹೊಸದು: ತಪ್ಪು, ತಪ್ಪು, ತಪ್ಪು... ಹನ್ನೊಂದು ಸಾಲು. ಕೊನೆಯಲ್ಲಿ ಎರಡು ಗೆರೆ ಎಳೆದು ಬರೆದಿದ್ದ: "ಹೊಸದನ್ನೇ ಇಟ್ಟುಕೊಳ್ಳುವುದು."

ಇದೆಂಥ ಲೆಕ್ಕಾಚಾರ? ಹನ್ನೊಂದು ಸಲವೂ ತಪ್ಪಿದ್ದನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ?

ಆದರೆ ಅವಳ ಎದೆಯಲ್ಲಿ ಕುಳಿತದ್ದು ಆ ಮಾತಲ್ಲ. ಇನ್ನೊಂದು ಮನೆ... ಗಂಡನಿಗೆ ತಾನು ಕಾಣದ ಇನ್ನೊಂದು ಮನೆ ಇತ್ತು. ಸತ್ತವನನ್ನು ಎದುರಿಗೆ ನಿಲ್ಲಿಸಿ ಕೇಳುವ ಹಾಗೂ ಇಲ್ಲ. ಏಳು ವರ್ಷದ ಸಂಸಾರ ನಿಜವೋ ಸುಳ್ಳೋ, ಹೇಳಬೇಕಾದವನೇ ಹೊರಟುಹೋಗಿದ್ದ.

ತಟ್ಟೆಗಳು ಹಿಂದಿನ ಸೀಟಿನಲ್ಲೇ ಉಳಿದವು. ಅವಳು "ಹೌದು" ಎಂಬುದನ್ನು ಒತ್ತಿದಳು. ಎರಡು ಪರದೆಯ ಮೇಲೂ.

*

ಮೂವತ್ತು ಮೈಲಿ ಯಂತ್ರದ ಇಬ್ಬರು ಹೆಂಗಸರೂ ಒಂದೇ ಮಾತಾಡಿದರು. ಅಕ್ಟೋಬರಿನ ಹುಲ್ಲು ಕೆಂಪಾಗಿ ಒಣಗಿತ್ತು. ಗುಡ್ಡದ ಹಿಂದೆ ಗುಡ್ಡ, ತಗ್ಗಿನಲ್ಲಿ ದನಗಳ ನೀರಿನ ತೊಟ್ಟಿ, ತೊಟ್ಟಿಯ ಪಕ್ಕ ನೀರೆತ್ತುವ ಗಾಳಿಯಂತ್ರ. ಈ ಗಾಳಿಯಂತ್ರಗಳನ್ನು ರಿಪೇರಿ ಮಾಡುವುದೇ ರಾಯ್ಸ್‌ನ ಕಸುಬು. ಅಂಥದೊಂದರ ಗೋಪುರದಿಂದಲೇ ಕಳೆದ ವಾರ ಕಾಲು ಜಾರಿ ಬಿದ್ದಿದ್ದ.

ಅವಳು ಅವನನ್ನು ಮೊದಲು ನೋಡಿದ್ದೂ ಗೋಪುರದ ತುದಿಯಲ್ಲೇ.

ಆಗ ಅವಳು ಲಿಂಕನ್ ನಗರದ ವಿಶ್ವವಿದ್ಯಾಲಯದಿಂದ ಅಂತರ್ಜಲ ಅಳೆಯಲು ಬಂದ ಹುಡುಗಿ. ಕೈಯಲ್ಲಿ ಬಾವಿಗಳ ಪಟ್ಟಿ, ಬಾಡಿಗೆಯ ಪುಟ್ಟ ಕಾರು, ಕಾರಿನಲ್ಲಿ ಮಾತಾಡುವ ನ್ಯಾವಿಗೇಶನ್. ಅದು ಹೇಳಿದಲ್ಲೆಲ್ಲ ತಿರುಗಿಸಿ, ಕೊನೆಗೆ ಮರಳಿನಲ್ಲಿ ಚಕ್ರ ಅರ್ಧ ಹೂತು ನಿಂತಾಗ ಮೇಲಿನಿಂದ ದನಿ ಬಂತು.

"ಅದು ದಾರಿ ಅಲ್ಲ, ಗೊತ್ತಾಯ್ತಾ?"

"ಮ್ಯಾಪಲ್ಲಿ ಇದೆ," ಎಂದಿದ್ದಳು ಅವಳು, ತಲೆಯೆತ್ತಿ, ಸಿಟ್ಟಿನಿಂದ.

"ಮ್ಯಾಪಲ್ಲಿ ಬೇಕಾದಷ್ಟಿದೆ ಪ್ರೊಫೆಸರಮ್ಮ. ನೂರು ವರ್ಷದ ಹಿಂದೆ ಸರ್ವೆಯವರು ಗೆರೆ ಎಳೆದು ಹೋದ್ರು. ರಸ್ತೆ ಮಾಡೋಕೆ ಯಾರೂ ಬರಲೇ ಇಲ್ಲ."

ಅವನು ಇಳಿದು ಬರುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ಅವನ ಭುಜದ ಹಿಂದೆ ಗಾಳಿಯ ದಿಕ್ಕಿಗೆ ತಿರುಗುವ, ಗಾಳಿಯಂತ್ರದ ತಗಡಿನ ಬಾಲ. ಯಾರೋ ಬೇಟೆಗಾರ ಗುಂಡು ಹೊಡೆದ ಮೂರು ತೂತುಗಳು ಅದರಲ್ಲಿ ಸಾಲಾಗಿದ್ದವು. ಮೂರರಲ್ಲೂ ಬೆಳಕು ತೂರಿ ಬರುತ್ತಿತ್ತು. ಚೈನು ಕಟ್ಟಿ, ಕತ್ತಲಾಗುವಷ್ಟರಲ್ಲಿ ಅವಳ ಕಾರನ್ನು ಡಾಂಬರು ರಸ್ತೆಗೆ ಎಳೆದು ತಂದು ಬಿಟ್ಟಿದ್ದ.

ಅದು ಯಾವ ಜಾಗವೆಂದು ಮದುವೆಯಾದ ಮೇಲೆ ಎಷ್ಟೋ ಸಲ ಕೇಳಿದ್ದಳು. ಅವನು ಹೇಳುತ್ತಲೇ ಇರಲಿಲ್ಲ. ಹೇಳಿದರೆ ನೀನು ಇನ್ನೊಂದು ಸಲ ಅಲ್ಲಿ ದಾರಿ ತಪ್ಪೋದು ಹೇಗೆ, ಎಂದು ನಗುತ್ತಿದ್ದ.

"ಬಲಕ್ಕೆ ತಿರುಗಿ," ಎಂದಿತು ಹೊಸ ಯಂತ್ರ, ಇದ್ದಕ್ಕಿದ್ದಂತೆ.

"ನೇರ ಹೋಗಿ," ಎಂದಿತು ಹಳೆಯದು.

ಮಾರೆನ್ ಬ್ರೇಕು ಒತ್ತಿದಳು. ಬಲಗಡೆ ಬೇಲಿಯ ಗೇಟು. ಅದರಾಚೆ ಹುಲ್ಲಿನ ನಡುವೆ ಚಕ್ರದ ಎರಡು ಗುರುತುಗಳಷ್ಟೇ. ಅವಳು ಹಳೆಯದರ ಮಾತು ಕೇಳಿ ನೇರ ಹೋದಳು. ಜಲ್ಲಿ ರಸ್ತೆ ಸುತ್ತು ಬಳಸಿ, ಒಂದು ಗುಡ್ಡ ಹತ್ತಿ ಇಳಿದು ಅವಳನ್ನು ತಂದು ನಿಲ್ಲಿಸಿತು.

"ಮನೆ ತಲುಪಿದ್ದೀರಿ."

ಮನೆ ಇರಲಿಲ್ಲ. ಬಾಗಿಲಿಲ್ಲ, ಒಗೆದು ಹಾಕಿದ ಬಟ್ಟೆಯಿಲ್ಲ, ನಾಯಿಯಿಲ್ಲ. ಮನಸ್ಸಿನಲ್ಲೇ ಹಲವು ಮುಖ ಕೊಟ್ಟು ಇಷ್ಟು ದೂರ ತಂದ ಆ ಹೆಂಗಸೂ ಇರಲಿಲ್ಲ. ಒಂದು ನೀರಿನ ತೊಟ್ಟಿ, ನಾಲ್ಕಾರು ಕರಿಯ ದನಗಳು, ಒಂದು ಗಾಳಿಯಂತ್ರ.

ಗಾಳಿ ಬೀಸಿತು. ಬಾಲ ಮೆಲ್ಲಗೆ ಅವಳ ಕಡೆ ತಿರುಗಿತು.

ಮೂರು ತೂತು.

ಅವಳು ಇಳಿದು ಬಾನೆಟ್ಟಿಗೆ ಕೈಯೂರಿ ನಿಂತಳು. ಮರಳಿನ ದಾರಿಯಲ್ಲಿ ಪಿಕಪ್‌ನ ಚಕ್ರದ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು. ಎಲ್ಲವೂ ಗೇಟಿನ ಕಡೆಯ ಆ ತಪ್ಪು ದಾರಿಯಿಂದಲೇ ಬಂದಿದ್ದವು. ಬೇರೆ ಗಾಡಿಯ ಗುರುತು ಒಂದೂ ಇರಲಿಲ್ಲ.

ಸರಿಯಾದ ದಾರಿ ಗೊತ್ತಿದ್ದವನು ಹನ್ನೊಂದು ಸಲ ತಪ್ಪು ದಾರಿಯಲ್ಲಿ ಬಂದನೇ? ಬಂದದ್ದನ್ನು ನನಗೆ ಯಾಕೆ ಹೇಳಲಿಲ್ಲ?

*

ಆರ್ವಲ್‌ನ ಅಂಗಡಿಯಲ್ಲಿ ಸುಟ್ಟ ವೈರಿನ ವಾಸನೆ, ಕಾಫಿಯ ವಾಸನೆ. ಮುದುಕ ಅವಳನ್ನು ಕಂಡು ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. ಗಸಗಸೆ ಹೂರಣದ ಬನ್ನು ಮುಂದಿಟ್ಟ. ಶವಪೆಟ್ಟಿಗೆ ಹೊತ್ತ ಆರು ಜನರಲ್ಲಿ ಅವನೂ ಒಬ್ಬ. ಈ ನಡುವೆ ಹೆಗಲು ನೋಯುತ್ತಿದೆ ಎಂದು, ಯಾಕೆಂದು ಹೇಳದೆ, ಗೊಣಗಿದ.

ನಿಮ್ಮ ಯಂತ್ರ ವಾಪಸು ಕೊಡಲು ಬಂದೆ ಎಂದಳು ಮಾರೆನ್. ಅದು ಅಲ್ಲೇ ಇರಲಿ, ಅವಸರವೇನು ಎಂದ ಅವನು. ಎರಡು ವಾರ ಎಂದು ಬರೆದಿದ್ದಾನೆ ಎಂದಳು ಅವಳು. ಆಮೇಲೆ ತಡೆಯದೆ ಕೇಳಿಬಿಟ್ಟಳು.

"ಅದರಲ್ಲಿ ಮನೆ ಅಂತ ಬೇರೆ ಜಾಗ ಹಾಕಿದ್ದಾನೆ. ಯಾಕೆ?"

ಆರ್ವಲ್‌ನ ಕೈ ಕಾಫಿ ಲೋಟದ ಮೇಲೆ ನಿಂತಿತು.

"ಅಯ್ಯೋ ಮಗಳೇ... ಅದಕ್ಕೆ ಹೀಗೆ ಬೆಳ್ಳಗಾಗಿದ್ದೀಯಾ?"

ಅವನು ಹೇಳಿದ್ದು ಇಷ್ಟು. ತಾನು ಹಾಕಿಕೊಡುವ ಯಾವ ಯಂತ್ರಕ್ಕೂ ಮನೆಯ ನಿಜವಾದ ವಿಳಾಸ ಹಾಕಗೊಡುವುದಿಲ್ಲ. ಪಿಕಪ್ ಕದ್ದವನಿಗೆ ಮನೆಯ ಬಾಗಿಲನ್ನೂ ತೋರಿಸಿದ ಹಾಗಾಗುತ್ತದೆ. ಅದಕ್ಕೇ ಈ ಸೀಮೆಯವರೆಲ್ಲ ಮನೆ ಎಂದಿರುವ ಕಡೆ ಹತ್ತಿರದ ಪೆಟ್ರೋಲ್ ಬಂಕನ್ನೋ ಜೋಳದ ಗೋದಾಮನ್ನೋ ಹಾಕಿಸುತ್ತಾರೆ. ಎರವಲು ಕೊಡುವ ಮೊದಲು ಅವನ ಸ್ವಂತ ಯಂತ್ರದಲ್ಲೂ ಮನೆ ಎಂದರೆ ದನದ ಸಂತೆಯ ಮೈದಾನವಾಗಿತ್ತು.

"ನಿನ್ನ ಗಂಡನಿಗೂ ಬಂಕ್ ಹಾಕು ಅಂದೆ. ಕೇಳ್ಲಿಲ್ಲ. ತಲೆ ಬಗ್ಗಿಸ್ಕೊಂಡು ಅವನೇ ಒತ್ತಿ ಒತ್ತಿ ಆ ಜಾಗ ಹಾಕ್ದ. ಅಲ್ಲೇನಿದೆಯೋ ಅಂತ ಕೇಳ್ದೆ. ಅಲ್ಲೇ ಎಲ್ಲಾ ಇರೋದು ಅಂದ."

ಮಾರೆನ್ ಬನ್ನಿನ ಅಂಚು ಮುರಿದಳು. ತಿನ್ನಲಿಲ್ಲ.

"ಹನ್ನೊಂದು ಸಲ ಹೋಗಿದ್ದಾನೆ, ಆರ್ವಲ್."

"ಹೋಗ್ದೆ ಏನು? ಪರೀಕ್ಷೆ ಮಾಡ್ತಿದ್ದ." ಮುದುಕ ಕಿಟಕಿಯ ಕಡೆ ನೋಡಿದ. "ನನ್ನ ಹಳೇದು ಪ್ರತಿ ಸಲ ಸರಿಯಾದ ದಾರಿ ಹೇಳ್ತಿತ್ತು. ಹೊಸದು ಪ್ರತಿ ಸಲ ಮರಳಿಗೆ ಇಳಿಸ್ತಿತ್ತು, ಮರಳಲ್ಲಿ ಓಡಿಸಿ ಅಭ್ಯಾಸ ಇದ್ದೋನು ಅಂತ ದಾಟ್ತಿದ್ದ. ಆ ಹೊಸ ದರಿದ್ರ ವಾಪಸ್ ಕೊಟ್ಟು ನಂದೇ ಇಟ್ಕೊ ಅಂದೆ. ಆಗ ಹೇಳ್ದ, ನಿನಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡು... ನೀವಿಬ್ರೂ ಮೊದಲು ಸಿಕ್ಕಿದ್ದು ಅಕ್ಟೋಬರ್ ಹತ್ತೊಂಬತ್ತಲ್ವಾ?"

"ಹೌದು."

"ಈ ವರ್ಷ ಆವತ್ತು ನಿನ್ನ ಕೈಗೆ ಪಿಕಪ್ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತ್ಕೋಬೇಕು ಅಂತಿದ್ದ. ಯಂತ್ರ ಹೇಳಿದ ಕಡೆ ನೀನು ತಿರುಗಿಸ್ಬೇಕು. ಅದೇ ಗೇಟು, ಅದೇ ಮರಳು. ನೀನು ಸಿಕ್ಕಿಹಾಕ್ಕೊಂಡು ಬೈಬೇಕು. ಆಮೇಲೆ ತಲೆ ಎತ್ತಿ ನೋಡ್ಬೇಕು... ಒಂದೇ ಒಂದು ಸಲ ಅದು ಸರಿ ದಾರಿ ಹೇಳಿಬಿಟ್ರೆ ಎಲ್ಲಾ ಹಾಳು ಅಂತ ಅವನಿಗೆ ಭಯ. ಅದಕ್ಕೇ ಹೋಗಿ ಹೋಗಿ ನೋಡ್ತಿದ್ದ, ಪ್ರತಿ ಸಲವೂ ತಪ್ಪುತ್ತಾ ಅಂತ."

ಅಂಗಡಿಯ ಮೂಲೆಯಲ್ಲಿ ಯಾವುದೋ ರೇಡಿಯೋ ಸಣ್ಣದಾಗಿ ದನದ ಧಾರಣೆ ಓದುತ್ತಿತ್ತು.

ಹೊಸದನ್ನೇ ಇಟ್ಟುಕೊಳ್ಳುವುದು. ಎರಡು ಗೆರೆ.

ಅವಳ ಮೂಗಿನ ತುದಿ ಬಿಸಿಯಾಯಿತು. ಆಮೇಲೆ ಕಣ್ಣು. ಆಮೇಲೆ ಅವಳ ಭುಜ, ಬೆನ್ನು, ಎಲ್ಲವೂ ಅಲುಗಿತು... ಆರ್ವಲ್ ಎದ್ದು ಹೋಗಿ ಅಂಗಡಿಯ ಬಾಗಿಲಿಗೆ ಚಿಲಕ ಹಾಕಿ, ರೇಡಿಯೋ ಆರಿಸಿ, ಬೆನ್ನು ತಿರುಗಿಸಿಕೊಂಡು ತಿರುಪುಗಳನ್ನು ಡಬ್ಬಿಗೆ ತುಂಬುತ್ತ ಕುಳಿತ. ಅವಳು ಅತ್ತು ಮುಗಿಸುವಷ್ಟರಲ್ಲಿ ಡಬ್ಬಿ ತುಂಬಿತ್ತು.

*

ಬಿಚ್ಚುವ ಕೆಲಸ ಅವಳೇ ಮಾಡಿದಳು. ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮುಖ ಎಬ್ಬಿಸಿದಳು. ಈ ಸಲ ಟಾರ್ಚ್ ಹಿಡಿದವನು ಆರ್ವಲ್. ಬೆಳಕು ಅತ್ತಿತ್ತ ಹೋಗುತ್ತಿತ್ತು. ಬೆಳಕು ಇತ್ತ ಕಡೆ, ಎಂದಳು ಅವಳು. ಆ ಮಾತು ಯಾರದೆಂದು ಆಮೇಲೆ ಹೊಳೆಯಿತು.

ಎರಡು ಬೋಲ್ಟು, ಒಂದು ವೈರಿನ ಗೊಂಚಲು. ಹಳೆಯ ಯಂತ್ರ ಕೈಗೆ ಬಂತು. ಅದು ಇನ್ನೂ ಬೆಚ್ಚಗಿತ್ತು. ಟೇಪಿನ ಮೇಲಿನ ವಕ್ರ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರಿ, ಟೇಪನ್ನು ಹಾಗೆಯೇ ಬಿಟ್ಟಳು.

ವಾಪಸು ಬಂದ ಯಂತ್ರದೊಳಗಿನದನ್ನೆಲ್ಲ ಅಳಿಸಿ ಇಡುವುದು ಅಂಗಡಿಯ ರೂಢಿ. ಅಳಿಸಲೇ ಎಂದು ಆರ್ವಲ್ ಕೇಳಿದ, ಅವಳ ಮುಖ ನೋಡದೆ.

"ನಿಮ್ಮದು. ನಿಮ್ಮಿಷ್ಟ."

"ಹಾಗಾದ್ರೆ ಇರ್ಲಿ. ದನದ ಸಂತೆಗಿಂತ ವಾಸಿ."

ಅವಳು ನಕ್ಕಳು. ಸಣ್ಣ ನಗು.

"ಹೊಸದೇನ್ ಮಾಡ್ತೀಯಮ್ಮ? ಅದನ್ನ ನಂಬ್ಕೊಂಡು ಓಡಾಡೋಕೆ ಆಗಲ್ಲ."

"ಹತ್ತೊಂಬತ್ತನೇ ತಾರೀಕು ಅದು ಹೇಳಿದ ಹಾಗೇ ಹೋಗ್ತೀನಿ."

"ಮರಳಲ್ಲಿ ಹೂತ್ಕೋತೀಯ."

"ಗೊತ್ತು."

ಮುದುಕ ಟಾರ್ಚು ಆರಿಸಿದ.

"ಚೈನು ತಗೊಂಡು ನಾನು ಬರ್ತೀನಿ. ಎಷ್ಟು ಹೊತ್ತಿಗೆ ಬರ್ಲಿ?"

"ಹೊತ್ತು ಮುಳುಗಿದ ಮೇಲೆ ಬನ್ನಿ," ಎಂದಳು ಮಾರೆನ್. "ಅಲ್ಲೀವರೆಗೂ ಸಿಕ್ಕಿಹಾಕ್ಕೊಂಡೇ ಇರ್ತೀನಿ."

ಎರಡೂ ಕೈಯಲ್ಲಿ ಹಿಡಿದು, ರಾಯ್ಸ್ ಎರವಲು ತಂದಿದ್ದನ್ನು ಮುದುಕನ ಕೈಗೆ ಕೊಟ್ಟಳು.