ಅಜ್ಜಿಯ ವಿಡಿಯೋ

"ಅಜ್ಜಿ, ಇನ್ನೊಂದ್ಸಲ ಹೇಳಿ, ಪ್ಲೀಸ್!"

ಧ್ರುವ ತನ್ನ ಅಮ್ಮನ ಮೊಬೈಲನ್ನು ಬಸವ್ವಜ್ಜಿಯ ಮುಖಕ್ಕೆ ಹಿಡಿದಿದ್ದ. ವಿಜಯನಗರದ ಪಾರ್ಕಿನ ಕಲ್ಲುಬೆಂಚಿನ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು.

ಮೊಮ್ಮಗಳು ವಚನಾಳನ್ನು ನೋಡಲು ಅಜ್ಜಿ ತಮ್ಮೂರು ರೋಣದಿಂದ ಮೊನ್ನೆಯಷ್ಟೇ ಬಂದಿದ್ದಳು.

"ನಾ ಸಣ್ಣಾಕಿ ಇದ್ದಾಗ ಹಳ್ಳ ತುಂಬಿ ಬಂದಿತ್ತು. ನಮ್ಮ ಆಕಳ ಕರಾ ತೇಲಿಕೊಂಡ ಹೊಂಟಿತ್ತು. ನಾ ಒಮ್ಮೆಲೆ ಜಿಗದ್ನಿ!"

"ಜಿಗದ್ನಿ! ಜಿಗದ್ನಿ!" ಎಲ್ಲರೂ ಬಿದ್ದುಬಿದ್ದು ನಕ್ಕರು. ಅಜ್ಜಿಯೂ ನಕ್ಕಳು.

ವಚನಾಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೋದ ವರ್ಷ ಊರಿಂದ ಬಂದು ಇಲ್ಲಿನ ಸ್ಕೂಲಿಗೆ ಸೇರಿದಾಗ "ಹೌದ್ರಿ ಮಿಸ್" ಅಂದಿದ್ದಕ್ಕೆ ಇಡೀ ಕ್ಲಾಸು ಹೀಗೇ ನಕ್ಕಿತ್ತು. ಆಮೇಲೆ ಅವಳು ಸ್ಕೂಲಿಗೊಂದು ಕನ್ನಡ, ಮನೆಗೊಂದು ಕನ್ನಡ ಮಾಡಿಕೊಂಡಿದ್ದಳು.

"ಸಖತ್ ಕಾಮಿಡಿ ಕಣೇ ನಿಮ್ಮಜ್ಜಿ! ಸ್ಟೇಟಸ್‌ಗೆ ಹಾಕ್ತೀನಿ," ಅಂದ ಧ್ರುವ.

ಬೇಡ ಅಂತ ಇಲ್ಲೇ ಕೂಗಿದರೆ? ತನ್ನನ್ನು ನೋಡಿ ನಗ್ತಿದ್ದಾರೆ ಅಂತ ಅಜ್ಜಿಗೆ ಗೊತ್ತಾಗಿಬಿಡುತ್ತೆ. ಸುಮ್ಮನಿದ್ದರೆ? ಆ ವಿಡಿಯೋ ಎಲ್ಲರ ಮೊಬೈಲಿಗೂ ಹೋಗುತ್ತೆ.

ವಚನಾ ಧ್ರುವನ ತೋಳು ಹಿಡಿದು ಜಾರುಬಂಡೆಯ ಹಿಂದಕ್ಕೆ ಎಳೆದಳು.

"ಡಿಲೀಟ್ ಮಾಡು."

"ಯಾಕೆ? ತಮಾಷೆಗೆ ಕಣೇ! ನಾನೇನು ಬೈದ್ನಾ? ನಿಮ್ ಕನ್ನಡ ಫನ್ನಿಯಾಗಿದೆ, ಅಷ್ಟೆ."

"ಅಜ್ಜಿ ಕತಿ ಹೇಳಾಕತ್ತಿದ್ಲು," ಅಂದಳು ವಚನಾ. "ಆ ಕರಾ ಉಳೀತೋ ಇಲ್ಲೋ ಅಂತ ಒಬ್ಬರಾದ್ರೂ ಕೇಳಿದ್ರೇನು? ಬರೇ ನಕ್ರಿ."

ಮನೆಯ ಮಾತು ಬಾಯಿಂದ ಬಂದುಬಿಟ್ಟಿತ್ತು. ಅವಳು ಅದನ್ನು ತಿದ್ದಲಿಲ್ಲ.

'ಕೇಳಿದ್ರೇನು' ಅಂತ ಅಣಕಿಸಲು ಧ್ರುವ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ.

"ತುಂಬಾ ಓವರ್ ಮಾಡ್ತೀಯ ನೀನು," ಅಂತ ಗೊಣಗುತ್ತಾ ಡಿಲೀಟ್ ಒತ್ತಿ, ಮೊಬೈಲು ತೋರಿಸಿದ. "ಹೋಯ್ತು. ಸಾಕಾ?"

ಆಮೇಲೆ ಎಲ್ಲರನ್ನೂ ಕರೆದುಕೊಂಡು ಉಯ್ಯಾಲೆಯ ಕಡೆ ಓಡಿದ. ವಚನಾಳನ್ನು ಯಾರೂ ಕರೆಯಲಿಲ್ಲ.

ಅವಳು ಬೆಂಚಿಗೆ ಬಂದು ಕೂತಳು. ಕಾಲು ಸುಮ್ಮನೆ ಅಲ್ಲಾಡುತ್ತಿತ್ತು.

"ಆ ವಿಡಿಯೋ ಅಳಿಸಿದ್ನೇನವಾ?" ಅಜ್ಜಿ ಮೆಲ್ಲಗೆ ಕೇಳಿದಳು.

ವಚನಾ ತಟ್ಟನೆ ತಿರುಗಿದಳು. "ನಿಂಗ ಗೊತ್ತಿತ್ತಾ?"

"ಗೊತ್ತಾಗದ ಏನು? ನಿನ್ನ ಗೆಳ್ಯಾರು. ನಾ ಸಿಟ್ಟಾದ್ರ ನಿನ್ನ ಜೋಡಿ ಆಡೂದು ಬಿಟ್ಟಾರು ಅಂತ ನಾನೂ ನಕ್ನಿ."

ವಚನಾ ಅಜ್ಜಿಯ ಒರಟು ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಇನ್ನ ಮ್ಯಾಲೆ ನನ್ನ ಸಲುವಾಗಿ ನಗಬ್ಯಾಡ, ಅಜ್ಜಿ."

ಅಜ್ಜಿಯ ಕೈ ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.