ಹಲ್ಲುಗಳ ನಡುವಿನ ಶ್ರುತಿ

ಪಂಜರದ ಮೇಲೆ ಎರಡು ದೀಪಗಳು ಹಸಿರಾಗಿ ಉರಿಯುತ್ತಿದ್ದವು, ಒಬ್ಬೊಬ್ಬಳಿಗೆ ಒಂದು. ಕೆಳಗೆ ನಿಸರ್ಗ ಎದುರಾಳಿಯ ಮೊಣಕಾಲಿನ ಏಟು ತಪ್ಪಿಸಿಕೊಂಡು ಪಕ್ಕಕ್ಕೆ ಸರಿದಳು. ಎರಡು ಸಾವಿರದ ಅರವತ್ತರ ಹೊತ್ತಿಗೆ ಮೈಸೂರಿನ ಗರಡಿಗಳೆಲ್ಲ ಮಣ್ಣಿನ ಕುಸ್ತಿ ಬಿಟ್ಟು, ಗುದ್ದು, ಒದೆತ, ಪಟ್ಟು ಮೂರೂ ಸಲ್ಲುವ ಈ ಪಂಜರದ ಕಾಳಗಕ್ಕೆ ತಿರುಗಿದ್ದವು. ಕಿಕ್ಕಿರಿದ ಜನರ ಕಣ್ಣು ಹುಡುಗಿಯರ ಮೇಲೊಮ್ಮೆ, ದೀಪದ ಮೇಲೊಮ್ಮೆ ಹಾರುತ್ತಿತ್ತು. ಡಾಕ್ಟರ್ ವೈಜಯಂತಿ ಮಾತ್ರ ಕಣ್ಣು ಮುಚ್ಚಿ, ಇಯರ್‌ಫೋನಿನಲ್ಲಿ ನಿಸರ್ಗಳ ಮಿದುಳನ್ನು ಕೇಳುತ್ತಿದ್ದಳು.

ಆ ಯಂತ್ರ ಅವಳದೇ. ಕಾದಾಳುಗಳು ಕಚ್ಚಿಕೊಳ್ಳುವ ರಬ್ಬರಿನ ಹಲ್ಲುಕವಚದೊಳಗೆ ಅಕ್ಕಿಕಾಳಿನಷ್ಟು ಸಣ್ಣ ಸಂವೇದಕ. ಮೇಲ್ದವಡೆಯ ಮೂಳೆಯ ಮೂಲಕ ಅದು ಮಿದುಳಿನ ವಿದ್ಯುತ್ ಮಿಡಿತವನ್ನು ಹಿಡಿದು ಸ್ವರವಾಗಿಸುತ್ತದೆ. ಪೆಟ್ಟು ಬಿದ್ದು ಮಿದುಳು ಬುರುಡೆಯೊಳಗೆ ಅಲುಗಿದರೆ ಮಿಡಿತ ನಿಧಾನವಾಗುತ್ತದೆ, ಸ್ವರ ಇಳಿಯುತ್ತದೆ, ದೀಪ ಕೆಂಪಾಗುತ್ತದೆ, ಪಂದ್ಯ ನಿಲ್ಲುತ್ತದೆ. ಒಬ್ಬೊಬ್ಬರ ಸ್ವರವೂ ಬೇರೆ. ಆದ್ದರಿಂದ ಪಂದ್ಯಕ್ಕೆ ಮೊದಲೇ ಒಂದು ದಿನ ಕಾದಾಳುವನ್ನು ಕೂರಿಸಿ ಅವರವರ ಸ್ವಸ್ಥ ಸ್ವರವನ್ನು ಯಂತ್ರಕ್ಕೆ ಕೇಳಿಸಿಡಬೇಕು, ತಂಬೂರಿಯನ್ನು ಹಾಡುವವರ ಕಂಠಕ್ಕೆ ಕೂಡಿಸಿದ ಹಾಗೆ. ಅದಕ್ಕೇ ಅದರ ಹೆಸರು ಶ್ರುತಿಗಾವಲು. ಅದು ಬಂದ ಮೇಲೆ ಪಂದ್ಯ ನಿಲ್ಲಿಸುವ ಅಧಿಕಾರವನ್ನು ರೆಫರಿಯಿಂದ ತೆಗೆದು ದೀಪಕ್ಕೆ ಕೊಟ್ಟಿದ್ದರು; ದೀಪಕ್ಕೆ ಪಕ್ಷಪಾತವಿಲ್ಲವೆಂದು. ಇನ್ನು ದೇಶದ ಎಲ್ಲ ಪಂಜರಗಳಿಗೂ ಅದನ್ನು ಕಡ್ಡಾಯ ಮಾಡುವುದೊಂದೇ ಬಾಕಿ. ಅದನ್ನು ನಿರ್ಧರಿಸುವ ಸಮಿತಿಯವರು ಮುಂದಿನ ಸಾಲಿನಲ್ಲೇ ಕೂತಿದ್ದರು.

ವೈಜಯಂತಿಗೆ ಸಂಜೆಯಿಂದಲೂ ನೆಮ್ಮದಿಯಿರಲಿಲ್ಲ. ಉಡುಪು ಬದಲಿಸುವ ಕೋಣೆಯಲ್ಲಿ ನಿಸರ್ಗ ಕವಚ ಕಚ್ಚಿದಾಗ ಹೊಮ್ಮಿದ ಸ್ವರ, ಯಂತ್ರದಲ್ಲಿ ಕೂಡಿಸಿಟ್ಟ ಸ್ವರಕ್ಕಿಂತ ಎಷ್ಟೋ ಮೇಲಿತ್ತು. ಪಂದ್ಯದ ಉದ್ವೇಗವಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು. ನಿಸರ್ಗಳ ಸೋದರಮಾವ, ಗರಡಿಯಲ್ಲಿ ಅವಳನ್ನು ಪಳಗಿಸಿದ ವಸ್ತಾದ್ ಮರಿಚೆನ್ನಪ್ಪ, ಹುಡುಗಿಯ ಕೈಗೆ ಪಟ್ಟಿ ಸುತ್ತುತ್ತಾ, "ಏನಮ್ಮಾ, ನಮ್ ಹುಡ್ಗಿ ತಲೇಲಿ ಯಾವ ರಾಗ ಓಡ್ತಾ ಅದೆ?" ಎಂದು ನಕ್ಕಿದ್ದ.

ಎರಡನೆಯ ಸುತ್ತಿನಲ್ಲಿ ಎದುರಾಳಿಯ ಮೊಣಕೈ ನಿಸರ್ಗಳ ಕಪೋಲಕ್ಕೆ ಬಡಿಯಿತು. ಅವಳು ಬೀಳಲಿಲ್ಲ. ವೈಜಯಂತಿಯ ಕಿವಿಯಲ್ಲಿ ಸ್ವರ ಜಾರಿತು, ಜಾರುತ್ತಲೇ ಹೋಗಿ ಒಂದೆಡೆ ನಿಂತಿತು. ವೈಜಯಂತಿ ಕಣ್ಣು ತೆರೆದಳು. ದೀಪ ಹಸಿರಾಗಿಯೇ ಇತ್ತು. ಇಳಿದ ಸ್ವರ ಈಗ ಯಂತ್ರದಲ್ಲಿ ಕೂಡಿಸಿಟ್ಟ ಸ್ವರಕ್ಕೆ ಸರಿಯಾಗಿ ಕೂಡಿತ್ತು.

ವೈಜಯಂತಿಯ ತಾತ ದೇವಸ್ಥಾನದ ಕೈಸಾಲೆಯಲ್ಲಿ ತಂಬೂರಿ ಹಿಡಿದು ರಾಗವಾಗಿ ಕಾವ್ಯ ಓದುತ್ತಿದ್ದರು. ದಣಿದ ದಿನ ತಂಬೂರಿಯನ್ನೇ ಇಳಿಸಿ ಕೂಡಿಸಿಕೊಂಡು ಬಿಡುತ್ತಿದ್ದರು. ಕೇಳುವವರಿಗೆ ಎಲ್ಲವೂ ಶ್ರುತಿಶುದ್ಧ. ದಿನವೂ ಕಂಬಕ್ಕೊರಗಿ ಕೇಳುತ್ತಿದ್ದ ಮೊಮ್ಮಗಳಿಗೆ ಮಾತ್ರ ಷಟ್ಪದಿಯ ಮೊದಲ ಸಾಲಿಗೇ ಗೊತ್ತಾಗುತ್ತಿತ್ತು, ತಾತನಿಗೆ ಇವತ್ತು ಮೈ ಸರಿಯಿಲ್ಲವೆಂದು.

ಈ ಹುಡುಗಿಯೂ ಇಳಿಸಿಯೇ ಕೂಡಿಸಿದ್ದಾಳೆ.

ವೈಜಯಂತಿಯ ಕೈಗೆಟಕುವಂತೆ ಇದ್ದದ್ದು ಒಂದೇ ಗುಂಡಿ: ಯಂತ್ರ ಕೆಟ್ಟಿದೆ ಎಂದು ಸಾರುವುದು. ಒತ್ತಿದರೆ ಪಂದ್ಯ ರದ್ದು, ಸಮಿತಿಯ ಕಣ್ಣೆದುರೇ ಅವಳ ಇಷ್ಟು ವರ್ಷದ ಕೆಲಸ ಮಣ್ಣುಪಾಲು. ಪಂಜರದಲ್ಲಿ ನಿಸರ್ಗ ಎದುರಾಳಿಯಿಲ್ಲದ ಕಡೆಗೆ ಮುಷ್ಟಿ ಬೀಸಿದಳು. ಜನ ನಕ್ಕರು. ಅಲುಗಿದ ಮಿದುಳಿಗೆ ಇನ್ನೊಂದು ಪೆಟ್ಟು ಬಿದ್ದರೆ ಅದು ಊದಿಕೊಳ್ಳುತ್ತದೆ. ಊದಿಕೊಂಡದ್ದಕ್ಕೆ ಬುರುಡೆಯೊಳಗೆ ಜಾಗವೆಲ್ಲಿ?

ಒತ್ತಿದಳು.

ದೀಪಗಳೆರಡೂ ಆರಿದವು. ಕೂಗಾಟದ ನಡುವೆ ಅವಳು ಪಂಜರದೊಳಕ್ಕೆ ಓಡಿದಳು. ಮರಿಚೆನ್ನಪ್ಪ ಅಡ್ಡ ಬಂದ.

"ಹಸ್ರೇ ಇತ್ತಲ್ಲಮ್ಮಾ. ಗೆಲ್ಲೋ ಪಂದ್ಯ. ನಿಮ್ ಮಿಷಿನ್ ಕೆಟ್ರೆ ನಮ್ ಹೆಣ್ಣು ಯಾಕ್ ಕಳ್ಕೋಬೇಕು?"

"ಮಿಷಿನ್ ಕೆಟ್ಟಿಲ್ಲ ವಸ್ತಾದ್ರೇ. ಶ್ರುತಿ ಹಿಡಿಸೋಕೆ ಮುಂಚೆ ಇವಳು ನಿದ್ದೆ ಮಾಡಿದ್ಲಾ?"

ಸ್ಟೂಲಿನ ಮೇಲೆ ಕುಸಿದಿದ್ದ ನಿಸರ್ಗ ತೊದಲುತ್ತಾ ಹೇಳಿದಳು: "ರಾತ್ರಿಯೆಲ್ಲಾ ಮಾವ ಗರಡೀಲಿ ಓಡಿಸ್ತಾನೇ ಇದ್ರು ಮೇಡಂ. ಎಲ್ಲಾ ಗರಡೀಲೂ ಹಂಗೇ. ನಿದ್ದೆಗೆಟ್ಟು ಬಂದು ಕೂತ್ರೆ ಸ್ವರ ಕೆಳಗಿರುತ್ತೆ. ಆಮೇಲೆ ದೀಪ ಬೇಗ ಕೆಂಪಾಗಲ್ವಲ್ಲ."

"ಒಂದೇಟಿಗೇ ನಿಮ್ ದೀಪ ಮನೇಗ್ ಕಳಿಸ್ಬಾರ್ದು ಅಂತ..." ಮರಿಚೆನ್ನಪ್ಪ ಹುಡುಗಿಯ ಕೈಪಟ್ಟಿ ಬಿಚ್ಚತೊಡಗಿದ.

ರೆಫರಿ ದಸ್ತಗೀರ್ ಮಂಡಿಯೂರಿ ನಿಸರ್ಗಳ ಗದ್ದ ಹಿಡಿದು ಕಣ್ಣೊಳಗೆ ನೋಡಿದ. ಒಂದು ಪಾಪೆ ಹಿಗ್ಗಿತ್ತು. "ಪಕ್ಕದಲ್ಲೇ ನಿಂತಿದ್ದೆ ಮೇಡಂ," ಎಂದ ಮೆಲ್ಲಗೆ. "ನಾನೂ ದೀಪಾನೇ ನೋಡ್ತಿದ್ದೆ."

ಆಂಬುಲೆನ್ಸ್ ಹೊರಟಿತು, ಜನ ಗೊಣಗುತ್ತಾ ಎದ್ದರು. ಸಮಿತಿಯವರು ಮಾತಾಡಿಸದೆಯೇ ಹೋದರು. ಕುರ್ಚಿಗಳನ್ನು ಮಡಚುವ ಹೊತ್ತಿಗೆ ಮರಿಚೆನ್ನಪ್ಪನ ಫೋನು ಬಂತು: ಬುರುಡೆಯೊಳಗೆ ಸಣ್ಣ ರಕ್ತಸ್ರಾವ; ಬದುಕುತ್ತಾಳೆ, ಆದರೆ ಇನ್ನು ಪಂಜರ ಹತ್ತುವಂತಿಲ್ಲ. ಅವನು ಅಳುತ್ತಿದ್ದ.

ವೈಜಯಂತಿಗೆ ಕೂರಲಾಗಲಿಲ್ಲ. ಪೆಟ್ಟಿಗೆಯ ತಳದಿಂದ ಒಂದು ಹಳೆಯ ಕವಚ ತೆಗೆದಳು. ಯಂತ್ರ ಕೇಳಿದ ಮೊಟ್ಟಮೊದಲ ಸ್ವರ ಅವಳದೇ. ಪ್ರಯೋಗಾಲಯದಲ್ಲಿ ಊಟ ನಿದ್ದೆ ಬಿಟ್ಟು ದುಡಿದ ದಿನಗಳಲ್ಲಿ ಹಿಡಿಸಿದ್ದು. ಅದನ್ನೇ ಸ್ವಸ್ಥ ಎಂದು ನಮೂದಿಸಿದ್ದಳು. ಈಗ ಯಂತ್ರವನ್ನು ಮತ್ತೆ ಚಾಲೂ ಮಾಡಿ, ಕವಚ ಕಚ್ಚಿಕೊಂಡು ಕಿವಿಗೊಟ್ಟಳು. ದಣಿದ, ತಗ್ಗಿದ ಒಂದು ಸ್ವರ, ಕೂದಲೆಳೆಯಷ್ಟೂ ಕದಲದೆ ಹಳೆಯ ಸ್ವರದೊಡನೆ ಕೂಡಿ ಮೊರೆಯುತ್ತಿತ್ತು. ಮೇಲೆ ದೀಪ ಹಸಿರಾಯಿತು.

ಅವಳು ಕವಚ ಉಗುಳಿ, ಇನ್ನೂ ಹೊರಡದಿದ್ದ ರೆಫರಿಯತ್ತ ತಿರುಗಿ, "ದಸ್ತಗೀರ್ ಅವರೇ, ನನ್ನ ಕಣ್ಣನ್ನೂ ಒಮ್ಮೆ ನೋಡಿ," ಎಂದಳು.

ಅವನು ಹತ್ತಿರ ಬಂದು, ದೀಪಕ್ಕೆ ಬೆನ್ನು ತಿರುಗಿಸಿ ನಿಂತು ನೋಡಿದ. ಬಹಳ ಹೊತ್ತು ನೋಡಿದ.

"ಮೇಡಂ," ಎಂದ, "ನೀವು ಸರಿಯಾಗಿ ಮಲಗಿ ಎಷ್ಟು ಕಾಲ ಆಯ್ತು?"