ಗೆರೆಯ ಆಚೆ ನಿಂತವನು

"ಈ ನಕ್ಷೆ ಇಟ್ಕೊಂಡು ಪುರಸಭೆ ಮಾಡೋದಾದ್ರೆ ನನ್ನ ವಿರೋಧ ಇದೆ!"

ಅಗ್ನಿಶಾಮಕ ಠಾಣೆಯಲ್ಲಿ ಸೇರಿದ್ದ ಹಾರ್ಲನ್ ಬೇ ಊರಿನ ಜನ ಒಮ್ಮೆಲೇ ಹಿಂದಕ್ಕೆ ತಿರುಗಿದರು. ಕೊನೆಯ ಸಾಲಿನಲ್ಲಿ, ಕೆಸರು ಮೆತ್ತಿದ ರಬ್ಬರ್ ಬೂಟಿನಲ್ಲೇ ಎದ್ದು ನಿಂತಿದ್ದ ಓರಿನ್ ಪೆಲ್. ಕೊಲ್ಲಿಯಲ್ಲಿ ಸಿಂಪಿ ಬೆಳೆಯುವವನು. ಮಾರಿಟ್‌ಳ ಬೇಕರಿಗೆ ಬಂದು, ತುಟಿ ಬಿಚ್ಚದೆ ಬ್ರೆಡ್ ಕೊಂಡು ಹೋಗುವ ಗಿರಾಕಿ.

ಇವನಿಗೆ ಮಾತು ಬರುತ್ತದೆಯೇ!

ತಾನೇ ಗಡಿ ಗೆರೆ ಎಳೆದ ನಕ್ಷೆ ಹಿಡಿದು ವೇದಿಕೆಯ ಮೇಲಿದ್ದ ಮಾರಿಟ್‌ಳ ಕೆನ್ನೆ ಕೆಂಪಾಯಿತು.

"ಯಾಕಪ್ಪಾ, ತೆರಿಗೆ ಕಟ್ಟೋಕೆ ಹೊಟ್ಟೆ ಉರಿನಾ?"

ಸಭೆ ಗೊಳ್ಳೆಂದು ನಕ್ಕಿತು. ಓರಿನ್ ನಗಲಿಲ್ಲ. ಅವಳನ್ನೇ ನೋಡಿದ.

"ಕೇಳೋ ವ್ಯವಧಾನ ಇದ್ದಾಗ ಹೇಳ್ತೀನಿ," ಎಂದು ಹೊರನಡೆದ.

ಎಂಥ ಅಹಂಕಾರ... ಆದರೂ ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ನೋವಿತ್ತು. ಯಾಕೆ?

ಮಾರಿಟ್‌ಗೆ ಪುರಸಭೆ ಎಂದರೆ ಬರೀ ರಾಜಕೀಯವಲ್ಲ. ಊರಿನ ಸೇತುವೆ ಕುಸಿದು ವರ್ಷಗಳಾದರೂ ಜಿಲ್ಲೆಯ ಆಡಳಿತ ನಡೆಸುವ, ಬೆಟ್ಟದಾಚೆಯ ಕೌಂಟಿ ಕಚೇರಿ ತಿರುಗಿ ನೋಡಿರಲಿಲ್ಲ. ಅಪ್ಪನಿಗೆ ಎದೆನೋವು ಬಂದ ದಿನ ಆಂಬುಲೆನ್ಸ್ ಸುತ್ತು ಹಾಕಿಕೊಂಡು ಬರುವಷ್ಟರಲ್ಲಿ, ಅವರ ಕೈ ಅವಳ ಕೈಯೊಳಗೇ ತಣ್ಣಗಾಗಿತ್ತು. ನಮ್ಮ ಊರನ್ನು ನಾವೇ ನೋಡಿಕೊಳ್ಳಬೇಕು ಎಂದು ಅಂದೇ ನಿರ್ಧರಿಸಿ, ಪುರಸಭೆಯ ಅರ್ಜಿಗೆ ಮನೆ ಮನೆ ಅಲೆದು ಸಹಿ ಕೂಡಿಸಿದ್ದಳು.

ಆದರೆ ಕೌಂಟಿಯ ವಿಚಾರಣೆಯಲ್ಲೂ ಓರಿನ್ ಎದ್ದು ನಿಂತ. ಊರಿನ ಗಡಿಯನ್ನು ಮತ್ತೊಮ್ಮೆ ಯೋಚಿಸಿ ತನ್ನಿ ಎಂದು ಅಧಿಕಾರಿಗಳು ನಕ್ಷೆಯನ್ನು ಹಿಂದಿರುಗಿಸಿದರು.

ಮಾರಿಟ್ ಅವನನ್ನು ಕಚೇರಿಯ ಮೆಟ್ಟಿಲಲ್ಲೇ ತಡೆದಳು.

"ನಮ್ಮಪ್ಪ ಹೋಗಿದ್ದು ಆ ಸೇತುವೆಯಿಂದ! ನಿಂಗೇನ್ ಗೊತ್ತು ನನ್ನ ಸಂಕಟ?"

"ಗೊತ್ತು ಮಾರಿಟ್... ಆ ಸೇತುವೆ ಆಚೆ ಇರೋರೂ ಮನುಷ್ಯರೇ. ಅವರನ್ನ ಯಾಕೆ ಗೆರೆಯಿಂದ ಹೊರಗಿಟ್ಟೆ? ಒಂದ್ಸಲನಾದ್ರೂ ಅಲ್ಲಿಗೆ ಹೋಗಿದೀಯಾ?"

ಅವಳು ಕೈಯಲ್ಲಿದ್ದ ನಕ್ಷೆ ಬಿಚ್ಚಿ ಗೆರೆಯ ಆಚೆ ಕಣ್ಣಾಡಿಸಿದಳು.

ಸೇತುವೆಯಾಚೆ, ತಗ್ಗಿನಲ್ಲಿ, ಸಿಂಪಿಯ ಚಿಪ್ಪು ಸುಲಿದು ಮಾಂಸ ತೆಗೆಯುವ ಕೂಲಿಯವರ, ಗಾಲಿಯ ಮೇಲಿನ ಟ್ರೇಲರ್ ಮನೆಗಳಿದ್ದವು. 'ಅವರಿಗೆ ಪುರಸಭೆ ಬೇಡ್ವಂತೆ' ಎಂದು ಪುರಸಭೆ ಹೋರಾಟ ಸಮಿತಿಯ ಮುಖ್ಯಸ್ಥ, ಅವಳ ಚಿಕ್ಕಪ್ಪ ಆರ್ವಿಡ್ ಹೇಳಿದ್ದ. ಅವಳು ನಂಬಿದ್ದಳು.

ಮರುದಿನ ಬೆಳಿಗ್ಗೆಯೇ ಸುತ್ತು ದಾರಿ ಹಿಡಿದು ಅಲ್ಲಿಗೆ ಹೋದಳು. ಓರಿನ್‌ನನ್ನು ಸಾಕಿದ ಚಿಕ್ಕಮ್ಮ ಲೊರೇನ್ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು.

"ಬೇಡ ಅಂತ ಯಾರಂದ್ರು ಮಗಾ? ನಮ್ಮನ್ನ ಕೇಳಿದ್ರೆ ತಾನೇ! ನಿಮ್ಮೂರಿನ ಸಿಂಪಿ ಸುಲಿಯೋಕೆ ನಾವು ಬೇಕು, ನಿಮ್ಮೂರಲ್ಲಿ ಇರೋಕೆ ಬೇಡ. ಚೆನ್ನಾಗಿದೆ ನ್ಯಾಯ!"

ಮಾರಿಟ್ ತಲೆ ತಗ್ಗಿಸಿದಳು. ಅಪ್ಪನಂತೆಯೇ ಆಂಬುಲೆನ್ಸಿಗೆ ಕಾಯುವವರು ಇಲ್ಲೂ ಇದ್ದರು... ಅವರ ಬೆನ್ನ ಹಿಂದೆ ಗೆರೆ ಎಳೆದವಳು ಅವಳೇ!

ಗೆರೆ ಬದಲಿಸೋಣ ಎಂದಾಗ ಚಿಕ್ಕಪ್ಪ ರೇಗಿದ. "ಅವರನ್ನ ಸೇರಿಸ್ಕೊಂಡ್ರೆ ನೀರು, ಚರಂಡಿ, ದೀಪ ಎಲ್ಲಾ ನಮ್ಮ ತಲೆಗೇ! ಮತ್ತೆ ಮೊದಲಿಂದ ಸಹಿ ಮಾಡಿಸ್ತೀಯಾ?"

"ಮಾಡಿಸ್ತೀನಿ."

"ಒಬ್ಳೇ ಮಾಡಿಸ್ಕೋ!"

ಒಬ್ಬಳೇ ಹೊರಟಳು. ಮುಖಕ್ಕೇ ಬಾಗಿಲು ಹಾಕಿದವರೂ ಇದ್ದರು. ಕಣ್ಣೊರೆಸಿಕೊಂಡು ಮುಂದಿನ ಮನೆಗೆ ತಿರುಗಿದಾಗ ಪಕ್ಕದಲ್ಲಿ ಬೂಟಿನ ಸದ್ದು.

"ಜೊತೆಗೆ ಬರ್ಲಾ?" ಓರಿನ್ ಕೇಳಿದ. "ನಂದೂ ತಪ್ಪಿದೆ. ಎಲ್ಲರೆದುರು ಕೂಗೋ ಬದಲು ನಿನ್ಹತ್ರ ಬಂದು ಹೇಳ್ಬೇಕಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಬರ್ತಿದ್ದೆ... ನಿನ್ನ ಮುಖ ನೋಡ್ತಿದ್ದ ಹಾಗೆ ಮಾತು ಮರೆತೋಗೋದು. ಬ್ರೆಡ್ ತಗೊಂಡು ಹೋಗಿಬಿಡ್ತಿದ್ದೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಅಷ್ಟೊಂದು ಬ್ರೆಡ್ ಏನ್ ಮಾಡ್ತಿದ್ದೆ ಮಾರಾಯ?"

"ಚಿಕ್ಕಮ್ಮ ಬೈಕೊಂಡು ತಿಂತಿದ್ಳು."

ಚಳಿಗಾಲವಿಡೀ ಇಬ್ಬರೂ ಕೂಡಿ ನಡೆದರು. ವಸಂತದಲ್ಲಿ ಮತದಾನವಾಯಿತು. ಕೂದಲೆಳೆಯ ಅಂತರದಲ್ಲಿ ಹಾರ್ಲನ್ ಬೇ ತನ್ನದೇ ಪುರಸಭೆ ಪಡೆಯಿತು, ಸೇತುವೆಯ ಎರಡೂ ಬದಿ ಸೇರಿ. ಮಾರಿಟ್ ಮೇಯರ್ ಆದಳು, ಲೊರೇನ್ ಸದಸ್ಯೆ. ಮೊದಲ ಸಭೆಯ ಮೊದಲ ನಿರ್ಣಯ ಸೇತುವೆಯದೇ. ಲೊರೇನ್ ಮಂಡಿಸಿದಳು, ಎಲ್ಲರ ಕೈ ಮೇಲೆದ್ದಿತು. ಹಿಂದೆ ಕೂತಿದ್ದ ಆರ್ವಿಡ್ ಚಿಕ್ಕಪ್ಪ ಮುಖ ಗಂಟಿಕ್ಕಿದ್ದರೂ ಎದ್ದು ಹೋಗಲಿಲ್ಲ.

ಸಭೆ ಮುಗಿಸಿ ಮಾರಿಟ್ ಹೊರಬಂದಾಗ ಮಧ್ಯಾಹ್ನದ ಬಿಸಿಲು. ಓರಿನ್ ಬೇಲಿಗೆ ಒರಗಿ ಕಾಯುತ್ತಿದ್ದ.

"ಹೆದರಿಕೆ ಆಗ್ತಿದೆ ಓರಿನ್... ಇಡೀ ಊರೇ ತಲೆ ಮೇಲೆ ಕೂತ ಹಾಗಿದೆ."

"ಆ ತಲೇನ ಇಡೋಕೆ ನನ್ನ ಹೆಗಲಿದೆಯಲ್ಲ. ಇವತ್ತಿಗಲ್ಲ ಮಾರಿಟ್... ಬದುಕಿರೋವರೆಗೂ. ನಿನ್ನ ಪ್ರೀತಿಸ್ತೀನಿ ಕಣೇ. ಸಾಕಾಗೋಷ್ಟು ದಿನ ಬಾಯಿ ಮುಚ್ಕೊಂಡಿದ್ದೆ."

ಅವಳು ಅವನ ಹೆಗಲಿಗೆ ಒರಗಿದಳು. ಕಣ್ಣು ತುಂಬಿ ಬಂತು.

"ನಾನೂನೂ... ಅಯ್ಯೋ, ಬಿಡೋ! ಸದಸ್ಯರೆಲ್ಲ ಕಿಟಕೀಲಿ ಇಣುಕ್ತಿದಾರೆ!"

ಓರಿನ್ ಅವಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಇಣುಕ್ಲಿ ಬಿಡು, ಮೇಯರಮ್ಮಾ. ಪುರಸಭೆ ಅಂದ್ಮೇಲೆ ಎಲ್ಲಾ ಬಹಿರಂಗವಾಗೇ ನಡೀಬೇಕು!"